ತುಕ್ಡಿಯೆಂದು ಕಚ್ಚಿದ ಹಿಮ

ಡಿಸೆಂಬರಿನ ಕೊನೆಯ ವಾರದಲ್ಲಿ ನಮ್ಮ ಮನೆಯವರಿಗೆ ನಗುವುದಕ್ಕೆ ಬೇರೆ ವಿಷಯ ಬೇಕಾಗುವುದಿಲ್ಲ, ನಾನೊಬ್ಬನೇ ಸಾಕು. ನೆರೆಮನೆಯಿಂದ ಕ್ರಿಸ್ಮಸ್ ತಿಂಡಿಯ ತಟ್ಟೆ ಬರುತ್ತದೆ. ಮೇಲೆ ಕಸೂತಿ ಹಾಕಿದ ಬಟ್ಟೆ, ಅಡಿಯಲ್ಲಿ ಕುಸ್ವಾರ್ ಎಂಬ ಹೆಸರಿನ ಹತ್ತಾರು ಬಗೆಯ ಕರಿದ ತಿಂಡಿಗಳು. ಬೇರೆಯವರೆಲ್ಲ ಕೈಗೆ ಸಿಕ್ಕಿದ್ದನ್ನು ಎತ್ತಿ ಬಾಯಿಗೆ ಹಾಕುತ್ತಾರೆ. ನಾನು ಮಾತ್ರ ಒಂದು ತುಂಡನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ತಟ್ಟೆಯ ಅಂಚಿಗೆ ಟಕ್ಕೆಂದು ಬಡಿದು, ಸದ್ದು ಸಮಾಧಾನಕರವಾಗಿದ್ದರೆ ತಿನ್ನುತ್ತೇನೆ. ಮೊಮ್ಮಗಳು ತನ್ನ ಗೆಳತಿಯರನ್ನೆಲ್ಲ ಕರೆದು ಈ ಪ್ರದರ್ಶನವನ್ನು ತೋರಿಸುತ್ತಾಳೆ. "ಅಜ್ಜ ತೆಂಗಿನಕಾಯಿ ಆರಿಸುವ ಹಾಗೆ ತಿಂಡಿ ಆರಿಸ್ತಾರೆ" ಎನ್ನುತ್ತಾಳೆ.

ಅವಳಿಗೇನು ಗೊತ್ತು? ನನ್ನ ಬಾಯಿಯ ಎದುರಿನ ಮೇಲಿನ ಹಲ್ಲು ನನ್ನದಲ್ಲ. ಅದನ್ನು ಕಟ್ಟಿಸಿಕೊಳ್ಳಲು ಹೋದಾಗ ಹಲ್ಲಿನ ಡಾಕ್ಟರು, ಹೇಗೆ ಮುರಿಯಿತು ಎಂದು ಕೇಳಿದರು. ಹಿಮ ಕಚ್ಚಿ ಮುರಿಯಿತು ಎಂದೆ. ಅವರು ಗೌರವದಿಂದ ಕನ್ನಡಕ ತೆಗೆದು, "ಬದರಿಗೆ ಹೋಗಿದ್ರಾ?" ಎಂದು ವಿಚಾರಿಸಿದರು. "ಇಲ್ಲ, ಇಲ್ಲೇ ನಮ್ಮ ಉರ್ವದಲ್ಲಿ" ಎಂದೆ. ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

ನಾನು ಆಗ, ಅಂದರೆ ಐವತ್ತರ ದಶಕದ ಕೊನೆಯ ಭಾಗದಲ್ಲಿ, ಹಂಪನಕಟ್ಟೆಯ ಒಂದು ಮುದ್ರಣಾಲಯದಲ್ಲಿ ಚಿತ್ರಕಾರನಾಗಿದ್ದೆ. ಚಿತ್ರಕಾರ ಎಂದ ಕೂಡಲೇ ಉದ್ದ ಕೂದಲು, ಜುಬ್ಬ ಎಂದೆಲ್ಲ ಊಹಿಸಿಕೊಳ್ಳಬೇಡಿ. ಬೀಡಿ ಕಟ್ಟಿಗೆ ಸುತ್ತುವ ಲೇಬಲ್ ಇರುತ್ತದಲ್ಲ, ಅದರ ಮೇಲಿನ ಹುಲಿ, ನವಿಲು, ವಿಮಾನ ಇವೆಲ್ಲ ನನ್ನ ಸೃಷ್ಟಿ. ಜಿಲ್ಲೆಯ ಅರ್ಧ ಗಂಡಸರ ಕಿಸೆಯಲ್ಲಿ ನನ್ನ ಚಿತ್ರವಿದೆ ಎಂದು ನಾನು ಜಂಬ ಕೊಚ್ಚಿದರೆ ಅಮ್ಮ, "ಹೌದು, ಅದನ್ನು ಹರಿಯದೆ ಬೀಡಿ ಹೊರಗೆ ಬರುವುದಿಲ್ಲ" ಎನ್ನುತ್ತಿದ್ದರು. ಲೇಬಲ್ಲಿನಲ್ಲಿ ಮಾಲಿಕರ ಹೆಸರು ಇರುತ್ತದೆ, ಅಂಗಡಿಯ ಹೆಸರು ಇರುತ್ತದೆ, ಚಿತ್ರ ಬರೆದವನ ಹೆಸರು ಇರುವುದಿಲ್ಲ. ಈ ಅನ್ಯಾಯವನ್ನು ತಡೆಯಲಾರದೆ ಒಮ್ಮೆ ಹುಲಿಯ ಬೆನ್ನಿನ ಪಟ್ಟೆಗಳ ನಡುವೆ ನನ್ನ ಹೆಸರಿನ ಮೊದಲ ಅಕ್ಷರವನ್ನು ಸೇರಿಸಿಬಿಟ್ಟೆ. ಯಜಮಾನರು ಭೂತಗನ್ನಡಿ ಹಿಡಿದು ನೋಡಿ, "ವಾಮನಾ, ಹುಲಿಗೆ ಹುಣ್ಣಾಗಿದೆಯಾ ಎಂತ? ಅಳಿಸು ಮಾರಾಯ" ಎಂದರು. ಅಳಿಸಿದೆ.

ಉರ್ವದಲ್ಲಿ ನಮ್ಮ ಮನೆಗೂ ಕ್ರಿಸ್ತಿನ್ ಬಾಯಮ್ಮನ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ. ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬು ಎಂದೂ ಕರೆಯುವುದು ನಮ್ಮ ತುಳು ಮನೆಗಳ ರೂಢಿ. ಬಾಯಮ್ಮನ ಗಂಡ ಲಾರೆನ್ಸ್ ಪೊರ್ಬು ಹಂಚಿನ ಕಾರ್ಖಾನೆಯಲ್ಲಿ ಬಡಗಿಯಾಗಿದ್ದು ನಿವೃತ್ತರಾದವರು. ಊರಿನ ಬಾಗಿಲುಗಳನ್ನೆಲ್ಲ ಸದ್ದಿಲ್ಲದ ಹಾಗೆ ಕೂರಿಸಿಕೊಡುತ್ತಿದ್ದ ಅವರ ಮನೆಯ ಗೇಟು ಮಾತ್ರ, ತೆಗೆದರೆ ಬೀದಿಯ ಕೊನೆಯವರೆಗೆ ಕೇಳುವಂತೆ ಕಿರುಚುತ್ತಿತ್ತು. "ಅದಕ್ಕೆ ಎಣ್ಣೆ ಬಿಡಿ ಪೊರ್ಬುಗಳೇ" ಎಂದರೆ, "ನಾಯಿ ಸಾಕುವುದಕ್ಕಿಂತ ಒಳ್ಳೆದು" ಎನ್ನುತ್ತಿದ್ದರು.

ಬಾಯಮ್ಮ ಮದುವೆಗೆ ಮೊದಲು ಗುಡ್ಡದ ಮೇಲಿನ ಒಂದು ಬಂಗ್ಲೆಯಲ್ಲಿ ಅಡುಗೆಮನೆಯ ಕೆಲಸಕ್ಕಿದ್ದರು. ಅಲ್ಲಿನ ದೊರೆಸಾನಿಯ ಹತ್ತಿರ ಒಂದು ಪೆಟ್ಟಿಗೆ ಇತ್ತಂತೆ. ಅದರ ತುಂಬ ಮರದ ತುಂಡುಗಳು. ಪ್ರತಿ ಕ್ರಿಸ್ಮಸ್ಸಿಗೂ ಅವುಗಳನ್ನು ಮೇಜಿನ ಮೇಲೆ ಸುರಿದು ಒಂದಕ್ಕೊಂದು ಕೂಡಿಸಿದರೆ ಒಂದು ಊರಿನ ಚಿತ್ರವಾಗುತ್ತಿತ್ತು: ಹಿಮ ಬಿದ್ದ ಬೀದಿ, ಪುಟ್ಟ ಪುಟ್ಟ ಮನೆಗಳು, ಕಿಟಕಿಗಳಲ್ಲಿ ದೀಪ, ನಡುವೆ ಇಗರ್ಜಿ, ಅಂದರೆ ಚರ್ಚು. ಇಂಗ್ಲಿಷಿನಲ್ಲಿ ಅದಕ್ಕೆ ಜಿಗ್‌ಸಾ ಪಜಲ್ ಎನ್ನುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು; ಬಾಯಮ್ಮನ ಬಾಯಲ್ಲಿ ಅದು ಯಾವಾಗಲೂ 'ದೊರೆಸಾನಿಯ ತುಂಡುಗಳು'. ದೊರೆಸಾನಿಗೆ ತಾಳ್ಮೆ ಕಮ್ಮಿ. ಎರಡು ಮನೆ ಕೂಡಿಸುವುದರೊಳಗೆ ಬೇಸತ್ತು, ಅಡುಗೆಮನೆಯಿಂದ ಬಾಯಮ್ಮನನ್ನು ಕರೆಯುತ್ತಿದ್ದಳು. ಬಾಯಮ್ಮ ಕೈ ಒರೆಸಿಕೊಂಡು ಬಂದು ಇಡೀ ಊರನ್ನು ಕಟ್ಟಿಕೊಡುತ್ತಿದ್ದರು. ಆದರೆ ಕೊನೆಯ ಒಂದು ತುಂಡನ್ನು ದೊರೆಸಾನಿ ಮೊದಲೇ ತನ್ನ ಕಿಸೆಯಲ್ಲಿ ಹಾಕಿಟ್ಟುಕೊಂಡಿರುತ್ತಿದ್ದಳು. ನೆಂಟರೆಲ್ಲ ಬಂದ ಮೇಲೆ ಅದನ್ನು ತೆಗೆದು ತಾನೇ ಕೂರಿಸುವಳು, ಎಲ್ಲರೂ ಚಪ್ಪಾಳೆ ತಟ್ಟುವರು. ಬಾಯಮ್ಮ ಬಾಗಿಲ ಹತ್ತಿರ ಟ್ರೇ ಹಿಡಿದು ನಿಂತಿರುವರು.

ಸ್ವಾತಂತ್ರ್ಯ ಬಂತು, ದೊರೆ ದೊರೆಸಾನಿ ಹಡಗು ಹತ್ತಿದರು, ಆ ಊರೂ ಅವರ ಜೊತೆ ಪೆಟ್ಟಿಗೆಯಲ್ಲಿ ಹೋಯಿತು. ಬಾಯಮ್ಮನ ಮನಸ್ಸಿನಲ್ಲಿ ಮಾತ್ರ ಅದರ ಕೊನೆಯ ತುಂಡಿನ ಜಾಗ ಖಾಲಿಯಾಗಿಯೇ ಉಳಿದಿತ್ತು.

ನಾನು ಹೇಳುತ್ತಿರುವ ವರ್ಷ ಬಾಯಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಂಕನಾಡಿಯ ಆಸ್ಪತ್ರೆಗೆ ಹೋಗಿ ತೆಗೆಸಬೇಕು ಎಂದಾಗಿತ್ತು. ಆಗೆಲ್ಲ ಕಣ್ಣಿನ ಆಪರೇಷನ್ ಎಂದರೆ ಜನ ಉಯಿಲು ಬರೆಸುವ ಬಗ್ಗೆ ಯೋಚಿಸುತ್ತಿದ್ದ ಕಾಲ. ಬಾಯಮ್ಮ ಹಬ್ಬ ಮುಗಿಯದೆ ಹೊರಡುವುದಿಲ್ಲ ಎಂದು ಹಠ ಹಿಡಿದರು. ಪೊರ್ಬುಗಳು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು.

"ಅಡುಗೆಮನೆಯಲ್ಲಿ ನಿನ್ನಿಂದ ಒಂದು ತಪ್ಪಾದ್ರೂ ನಾನು ಬಿಡುವುದಿಲ್ಲ ನೋಡು. ಹಬ್ಬದ ಅಡುಗೆಗೆ ನನ್ನ ತಂಗಿಯನ್ನು ಕರೆಸ್ತೇನೆ."

ಬಾಯಮ್ಮನಿಗೆ ಕಣ್ಣು ಹೋಗುವುದಕ್ಕಿಂತ ನಾದಿನಿ ಅಡುಗೆಮನೆಗೆ ಬರುವುದು ದೊಡ್ಡ ಭಯ. ಅವರ ಕುಸ್ವಾರ್ ಎಂದರೆ ಇಡೀ ಬೀದಿಯಲ್ಲಿ ಹೆಸರುವಾಸಿ; ಅದರ ಮೇಲೆ ಬೇರೊಬ್ಬರ ಕೈ ಬೀಳಲು ಅವರು ಎಂದೂ ಬಿಟ್ಟವರಲ್ಲ.

ಅದೇ ವಾರ ಒಂದು ಸಂಜೆ ನನ್ನನ್ನು ಬೇಲಿಯ ಹತ್ತಿರ ಕರೆದರು. "ವಾಮನಾ, ನಿನಗೆ ಹಿಮ ಬರೆಯಲಿಕ್ಕೆ ಬರ್ತದಾ ಮಗಾ?"

"ಎಂತ ಬಾಯಮ್ಮ, ಹುಲಿ ಬರೆದವನಿಗೆ ಹಿಮ ಎಂತ ದೊಡ್ಡದು?"

"ಹುಲಿಯನ್ನು ನೀನು ನೋಡಿದ್ದೀಯಾ?"

"ನವರಾತ್ರಿಯಲ್ಲಿ ಹುಲಿವೇಷ ಹಾಕಿ ಕುಣಿಯುವವರನ್ನು ನೋಡಿದ್ದೇನೆ."

"ಹಾಗಾದ್ರೆ ತೊಂದರೆ ಇಲ್ಲ. ನೀನು ಆ ಊರು ಬರೆದು ಕೊಡು. ಇವರು ತುಂಡು ಮಾಡಿ ಕೊಡ್ತಾರೆ. ಕಂಕನಾಡಿಗೆ ಹೋಗುವ ಮೊದಲು ಒಮ್ಮೆ ನಾನೇ ಪೂರ್ತಿ ಮಾಡಬೇಕು. ಕಡೆಯ ತುಂಡೂ ನಾನೇ ಇಡಬೇಕು. ಆಮೇಲೆ ಕಣ್ಣು ಬಂದ್ರೆ ಬರ್ಲಿ, ಬಾರದಿದ್ರೆ ದೇವರ ಇಷ್ಟ."

ಇಂತಹ ಮಾತು ಕೇಳಿದ ಮೇಲೂ ನಾನು ಕೇಳಿದ್ದು ಏನು ಗೊತ್ತೇ? "ದೊರೆಸಾನಿಯ ಆ ಚಿತ್ರ ಬರೆದವರು ಯಾರು ಬಾಯಮ್ಮ?" ಎಂದು. ಅವರು, "ಯಾರೋ ಬರೆದಿರ್ಬೇಕು. ಅದನ್ನೆಲ್ಲ ಯಾರು ನೋಡ್ತಾರೆ?" ಎಂದರು. ಇಷ್ಟು ವರ್ಷ ಒಬ್ಬ ಹೆಂಗಸಿನ ಮನಸ್ಸಿನಲ್ಲಿ ಮನೆ ಮಾಡಿಕೊಂಡ ಊರನ್ನು ಬರೆದವನಿಗೇ ಹೆಸರಿಲ್ಲ ಎಂದ ಮೇಲೆ ಬೀಡಿ ಹುಲಿಯ ಗತಿ ಏನು? ಈ ಚಿತ್ರದಲ್ಲಿ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಇರಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಈಗ ಹಿಮವನ್ನು ಎಲ್ಲಿ ನೋಡುವುದು? ಪೊರ್ಬುಗಳು ಅದು ಉಪ್ಪಿನ ಹಾಗೆ ಎಂದರು. ಅಲ್ಲ, ಕಾಯಿಸಿದ ಹಾಲಿನ ಕೆನೆಯ ಹಾಗೆ ಎಂದು ಬಾಯಮ್ಮ ಹೇಳಿದರು. ಕೊನೆಗೆ ನಮ್ಮ ಮುದ್ರಣಾಲಯಕ್ಕೆ ಬರುತ್ತಿದ್ದ ಮೀನಿನ ವ್ಯಾಪಾರಿ ಹಸನಬ್ಬ ಸಾಹೇಬರನ್ನು ಕೇಳಿದೆ. "ಹಿಮ ಅಂದ್ರೆ ಐಸೇ ಅಲ್ವಾ? ಬಂದರಿಗೆ ಬಾ ಮಾರಾಯ, ಬೇಕಾದಷ್ಟು ಉಂಟು" ಎಂದರು. ಹೋದೆ. ಐಸಿನ ಗಡ್ಡೆಗಳು ಕರಗದಿರಲೆಂದು ಅವುಗಳ ಮೇಲೆ ಮರದ ಹೊಟ್ಟು ಸುರಿದಿದ್ದರು. ನಾನು ಬಹಳ ಶ್ರದ್ಧೆಯ ಮನುಷ್ಯ. ಕಂಡದ್ದನ್ನು ಕಂಡ ಹಾಗೆಯೇ ಬರೆಯಬೇಕೆಂಬ ನಿಷ್ಠೆ ಇದ್ದವನು. ಹಾಗಾಗಿ ನನ್ನ ಊರಿನಲ್ಲಿ ಬಿದ್ದ ಹಿಮದ ಮೇಲೆಲ್ಲ ಕಂದು ಬಣ್ಣದ ಹೊಟ್ಟು ಉದುರಿದೆ.

ಮನೆಗಳ ಮೇಲೆ ಹೊಗೆ ಹೋಗುವ ಚಿಮಣಿ ಇರಬೇಕು ಎಂದು ಬಾಯಮ್ಮ ಹೇಳಿದ್ದರು. ನನಗೆ ಗೊತ್ತಿದ್ದ ಚಿಮಣಿ ಒಂದೇ, ಹಂಚಿನ ಕಾರ್ಖಾನೆಯದು. ಪ್ರತಿ ಪುಟ್ಟ ಮನೆಯ ಬೆನ್ನಿಗೂ ಅಂತಹದೊಂದು ಎತ್ತಿ ನಿಲ್ಲಿಸಿದೆ. ಇಗರ್ಜಿಯ ಗೋಪುರ ಅವುಗಳ ನಡುವೆ ಕುಳ್ಳಾಗಿ ಕಾಣುತ್ತಿತ್ತು. ಮಾಡಿನ ಮೇಲೆ ಹಿಮವನ್ನೇ ಹಾಕಲಿಲ್ಲ. ಆಷಾಢದ ಮಳೆಯೇ ನಿಲ್ಲದ ಹಂಚಿನ ಮಾಡಿನ ಮೇಲೆ ಹಿಮ ಹೇಗೆ ನಿಂತೀತು? ಎಲ್ಲವೂ ಜಾರಿ ಅಂಗಳದಲ್ಲಿ ಗುಡ್ಡೆಯಾಗಿದೆ ಎಂದು ಭಾವಿಸಿದೆ. ಕೊನೆಗೆ, ಊರು ನಿಜವೆಂದು ಕಾಣಲಿ ಎಂದು, ಪ್ರತಿ ಬಾಗಿಲ ಹೊರಗೂ ಸಾಲಾಗಿ ಚಪ್ಪಲಿಗಳನ್ನು ಬಿಡಿಸಿದೆ. ಇಗರ್ಜಿಯ ಮೆಟ್ಟಿಲ ಹತ್ತಿರವಂತೂ ರಾಶಿ. ಬಲಗಡೆಯ ಕೆಳಮೂಲೆಯ ಹಿಮದ ಮೇಲೆ ಕೆಂಪು ಬಣ್ಣದಲ್ಲಿ 'ವಾಮನ, ಉರ್ವ' ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದೆ.

ಪೊರ್ಬುಗಳು ಚಿತ್ರವನ್ನು ಕೈಗೆತ್ತಿಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು. "ಇವರ ಚಪ್ಪಲಿ ಎಂತಕ್ಕೆ ಹೊರಗೆ? ದೊರೆಗಳು ಬೂಟ್ಸ್ ಹಾಕಿಯೇ ಒಳಗೆ ಹೋಗ್ತಾರೆ ಮಾರಾಯ."

ಬಾಯಮ್ಮ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದರು. "ಇರ್ಲಿ ಬಿಡಿ. ದೊರೆಸಾನಿಯ ಊರಿನವರು ಕೆಸರು ಕಾಲಲ್ಲೇ ಒಳಗೆ ಬರ್ತಿದ್ರು, ಒರೆಸುವವಳು ನಾನು. ಈ ಊರಿನವರಿಗೆ ಮರ್ಯಾದೆ ಗೊತ್ತುಂಟು" ಎಂದರು. ಇಂದಿನವರೆಗೆ ನನ್ನ ಕಲೆಗೆ ಸಿಕ್ಕ ಅತ್ಯುತ್ತಮ ವಿಮರ್ಶೆ ಇದು.

ಪೊರ್ಬುಗಳು ಚಹಾ ಪೆಟ್ಟಿಗೆಯ ಪ್ಲೈವುಡ್ಡಿಗೆ ಚಿತ್ರವನ್ನು ಅಂಟಿಸಿ, ಸಣ್ಣ ಗರಗಸ ಹಿಡಿದು ಕೂತರು. ದೊರೆಸಾನಿಯ ತುಂಡುಗಳಿಗೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಕೊಂಡಿಗಳಿದ್ದವಂತೆ. ಇವರು ಮಾಡಿದ ಕೊಂಡಿಗಳು ಒಂದೊಂದಾಗಿ ಮುರಿದು ಬಿದ್ದವು. ಬೇಸತ್ತ ಪೊರ್ಬುಗಳು ಉಳಿದದ್ದನ್ನೆಲ್ಲ ಓರೆಯಾಗಿ, ನೇರ ಗೆರೆಯಲ್ಲಿ ಕೊಯ್ದುಬಿಟ್ಟರು. ತುಂಡುಗಳು ಜಾರದಂತೆ ಸುತ್ತ ಅಂಚಿರುವ ಒಂದು ಮರದ ಹಲಗೆ ಮಾಡಿಕೊಟ್ಟರು. "ನನ್ನ ಹೆಸರನ್ನು ಮಾತ್ರ ತುಂಡು ಮಾಡಬೇಡಿ" ಎಂದು ನಾನು ಬೇಡಿಕೊಂಡದ್ದರಿಂದ ಅದು ಇಡಿಯಾಗಿ ಒಂದೇ ತುಂಡಿನಲ್ಲಿ ಉಳಿಯಿತು. ಹಿಂದೆ ಮುಂದೆ ವಾರ್ನಿಷ್ ಬಳಿದು ಎಲ್ಲವನ್ನೂ ಊಟದ ಮೇಜಿನ ಒಂದು ಬದಿಯಲ್ಲಿ ಒಣಗಲು ಹರಡಿದರು.

ಮೇಜಿನ ಇನ್ನೊಂದು ಬದಿಯಲ್ಲಿ ಬಾಯಮ್ಮನ ತುಕ್ಡಿಗಳು ಆರುತ್ತಿದ್ದವು. ತುಕ್ಡಿ ಎಂದರೆ ಮೈದಾವನ್ನು ಲಟ್ಟಿಸಿ, ಓರೆಯಾಗಿ ಕತ್ತರಿಸಿ, ಕಂದು ಬಣ್ಣ ಬರುವಂತೆ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದ ತಿಂಡಿ. ಮುಂದಿನದನ್ನು ನೀವು ಊಹಿಸಿದಿರಿ. ನಾನು ಊಹಿಸಲಿಲ್ಲ, ಅದೇ ತೊಂದರೆಯಾದದ್ದು.

ಬೇರೆ ಮನೆಗಳಿಗೆ ಹಬ್ಬದ ದಿನ ತಟ್ಟೆ ಹೋದರೆ ನಮ್ಮ ಮನೆಗೆ ಮುನ್ನಾದಿನವೇ ಬರುತ್ತಿತ್ತು, ರುಚಿ ನೋಡಿ ಹೇಳಲೆಂದು. ಅಮ್ಮ ಬೇಲಿಯ ಮೇಲಿನಿಂದ ತಟ್ಟೆ ತೆಗೆದುಕೊಂಡು ಬಂದರು. ನಾನು ಜಗಲಿಯಲ್ಲಿ ಪೇಪರು ಓದುತ್ತಾ, ತಟ್ಟೆಯ ಕಡೆ ನೋಡದೆ, ಕೈಗೆ ಸಿಕ್ಕಿದ ತುಕ್ಡಿಯನ್ನು ಬಾಯಿಗಿಟ್ಟು ಬಲವಾಗಿ ಕಚ್ಚಿದೆ.

ಟಕ್ಕೆಂದಿತು. ಮೊದಲು ಬಾಯಮ್ಮನ ಪಾಕ ಈ ಸಲ ಗಟ್ಟಿಯಾಯಿತೇನೋ ಎಂದುಕೊಂಡೆ. ಅಂಗೈಗೆ ಉಗುಳಿ ನೋಡಿದರೆ ಅರ್ಧ ಹಲ್ಲು, ಸ್ವಲ್ಪ ರಕ್ತ, ಒಂದು ಮರದ ತುಂಡು. ತಿರುಗಿಸಿದೆ. ಹೊಟ್ಟು ಉದುರಿದ ಹಿಮದ ಮೇಲೆ, ಎರಡು ಗೆರೆ ಎಳೆದು, ನನ್ನದೇ ಹೆಸರು. ಅದರ ನಟ್ಟನಡುವೆ, ವಾರ್ನಿಷ್ ಒಡೆದು ಮರಕ್ಕೆ ಇಳಿದ ನನ್ನದೇ ಹಲ್ಲಿನ ಗುರುತು.

ಅಮ್ಮ ನಗಲಿಕ್ಕೆ ಶುರುಮಾಡಿದವರು ಅರ್ಧದಲ್ಲಿ ನಿಲ್ಲಿಸಿದರು. "ಅಯ್ಯೋ, ಬಾಯಮ್ಮನಿಗೆ ಇಷ್ಟೂ ಕಾಣುವುದಿಲ್ಲವಾ?" ಎಂದರು. ನನಗೂ ಹಲ್ಲು ನೋವು ಮರೆತುಹೋಯಿತು. ಮರ ಯಾವುದು, ತಿಂಡಿ ಯಾವುದು ಎಂದು ತಿಳಿಯದಷ್ಟು ಕಣ್ಣು ಮಸುಕಾಗಿದ್ದರೂ ಅವರು ಯಾರಿಗೂ ಗೊತ್ತಾಗದಂತೆ ಹಬ್ಬದ ಅಡುಗೆ ಮಾಡುತ್ತಿದ್ದರು.

ಬಂದ ತಟ್ಟೆಯನ್ನು ಖಾಲಿ ಹಿಂದೆ ಕಳಿಸುವಂತಿಲ್ಲವಷ್ಟೆ. ಅಮ್ಮ ಅದರಲ್ಲಿ ಕದಳಿ ಬಾಳೆಹಣ್ಣಿನ ಒಂದು ಚಿಪ್ಪು ಇಟ್ಟರು. ನಾನು ತುಂಡನ್ನು ಕಿಸೆಗೆ ಹಾಕಿಕೊಂಡು, ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಆ ಕಿರುಚುವ ಗೇಟು ತೆರೆದು ಹೋದೆ.

ಒಳಗೆ ಪೊರ್ಬುಗಳು ಮೊಣಕಾಲೂರಿ ಮೇಜಿನ ಅಡಿಯಲ್ಲಿ ಹುಡುಕುತ್ತಿದ್ದರು. ಕ್ರಿಸ್ಮಸ್ಸಿಗೆ ಕಟ್ಟುವ ಗೋದಲಿಯ ಕೊಟ್ಟಿಗೆಗೆಂದು ತಂದ ಬೈಹುಲ್ಲನ್ನೂ ಕೊಡವಿ ನೋಡಿದ್ದರು. ಬಾಯಮ್ಮ ಕುರ್ಚಿಯಲ್ಲಿ ಕೂತು, ಮಡಿಲಿನಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದರು. "ಒಂದು ತುಂಡು ಕಾಣುವುದಿಲ್ಲ ಮಗಾ" ಎಂದರು. ಆ ಮುಖ ನೋಡಿದರೆ ಎಲ್ಲಿ ಹೋಯಿತೆಂದು ಅವರಿಗೆ ಅನುಮಾನ ಬಂದಿತ್ತು ಎಂದು ತಿಳಿಯುತ್ತಿತ್ತು. ಪೊರ್ಬುಗಳು ಮೇಜಿನಡಿಯಿಂದಲೇ, "ನೀನು ಎಲ್ಲಿಯಾದ್ರೂ ತಿಂಡಿಗೆ ಸೇರಿಸಿದ್ಯಾ ಕ್ರಿಸ್ತಿನ್? ಹಾಗೇನಾದ್ರೂ ಆದ್ರೆ ಈಗಲೇ ತಂಗಿಗೆ ಹೇಳಿ ಕಳಿಸ್ತೇನೆ" ಎಂದರು.

ನಾನು ಸಾಮಾನ್ಯವಾಗಿ ಬುದ್ಧಿವಂತನಲ್ಲ. ಮಾತು ಬೇಕಾದ ಹೊತ್ತಿಗೆ ನನಗೆ ಹೊಳೆಯುವುದೂ ಇಲ್ಲ. ಆ ದಿನ ಹೇಗೋ ಹೊಳೆಯಿತು.

"ನಾನೇ ತೆಗೆದದ್ದು ಪೊರ್ಬುಗಳೇ. ನೀವು ಬೈಹುಲ್ಲಿಗೆ ಹೋದಾಗ ಬಂದಿದ್ದೆ. ಮೇಜಿನ ಮೇಲೆ ತುಕ್ಡಿ ಉಂಟು ಅಂತ ಒಂದು ಎತ್ತಿ ಬಾಯಿಗೆ ಹಾಕಿದೆ. ನೋಡಿ, ಹಲ್ಲೇ ಹೋಯ್ತು."

ಪೊರ್ಬುಗಳು ಮೇಲೆದ್ದು ನನ್ನ ಬಾಯಿ ನೋಡಿದರು, ತುಂಡು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ತಾನೇ ಬರೆದದ್ದನ್ನು ತಾನೇ ತಿಂದನಲ್ಲ! ಕದ್ದು ತಿನ್ನಲಿಕ್ಕೂ ಬರುವುದಿಲ್ಲವಾ ನಿನಗೆ?" ಬೇಲಿಯ ಆಚೆ ನಿಂತಿದ್ದ ಅಮ್ಮ ತಕ್ಷಣ ದನಿಗೂಡಿಸಿದರು: "ಸಣ್ಣದರಿಂದಲೇ ಹಾಗೆ ಅವನು. ಕಂಡದ್ದೆಲ್ಲ ಬಾಯಿಗೆ." ಒಬ್ಬ ತಾಯಿ ಮಗನ ಮಾನವನ್ನು ಇಷ್ಟು ಸಂತೋಷದಿಂದ ಬಿಟ್ಟುಕೊಟ್ಟದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬಾಯಮ್ಮ ನಗಲಿಲ್ಲ. ಕೈ ಚಾಚಿ ತುಂಡನ್ನು ಇಸಿದುಕೊಂಡರು. ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳಾಡಿಸುತ್ತಾ, "ನೋವುಂಟಾ ಮಗಾ?" ಎಂದಷ್ಟೇ ಕೇಳಿದರು.

ನಾದಿನಿಗೆ ಕರೆ ಹೋಗಲಿಲ್ಲ. ಹಬ್ಬದ ದಿನ ಮಧ್ಯಾಹ್ನದ ಊಟವಾದ ಮೇಲೆ ಬಾಯಮ್ಮ ಹಲಗೆಯ ಮುಂದೆ ಕೂತು ಊರು ಕಟ್ಟಿದರು. ಬಣ್ಣ ಕಾಣದಿದ್ದಲ್ಲಿ ಪೊರ್ಬುಗಳು ಹೇಳಿದರು, ಅಂಚು ತಿಳಿಯದಿದ್ದಲ್ಲಿ ನಾನು. ಇಗರ್ಜಿ, ಚಿಮಣಿ, ಚಪ್ಪಲಿ ಎಲ್ಲ ಕೂತವು. ಕೊನೆಗೆ ಬಾಯಮ್ಮ ತಮ್ಮ ಕಿಸೆಗೆ ಕೈ ಹಾಕಿದರು. ದರ್ಜಿಗೆ ಹೇಳಿ ಹೊಸ ಫ್ರಾಕಿಗೆ ಕಿಸೆ ಇಡಿಸಿಕೊಂಡಿದ್ದರು! ಅಲ್ಲಿಂದ ನನ್ನ ಹೆಸರಿನ ತುಂಡನ್ನು ತೆಗೆದು, ಖಾಲಿ ಇದ್ದ ಮೂಲೆಯಲ್ಲಿ ಇಟ್ಟು, ಅಂಗೈಯಿಂದ ಒತ್ತಿದರು. ನಾವು ಚಪ್ಪಾಳೆ ತಟ್ಟಿದೆವು. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ಹಲ್ಲು ನೋವಿಗೆ ಎಂದು ಎಲ್ಲರೂ ತಿಳಿದುಕೊಂಡರು.

ಕಂಕನಾಡಿಯ ಆಪರೇಷನ್ ಒಳ್ಳೆಯದಾಯಿತು. ದಪ್ಪ ಕನ್ನಡಕದ ಹಿಂದಿನಿಂದ ಬಾಯಮ್ಮ ಎಷ್ಟೋ ವರ್ಷ ಊರನ್ನೆಲ್ಲ ಚೆನ್ನಾಗಿ ನೋಡಿದರು, ನನ್ನ ಚಿತ್ರದ ತಪ್ಪುಗಳನ್ನೂ ಒಂದೊಂದಾಗಿ ಕಂಡುಹಿಡಿದರು. ನಾನು ಮಾತ್ರ ಉರ್ವದಲ್ಲಿ 'ತುಕ್ಡಿ ಕದ್ದ ವಾಮನ' ಎಂದೇ ಹೆಸರಾದೆ. ಬೀಡಿ ಲೇಬಲ್ ತಂದುಕೊಡದ ಕೀರ್ತಿಯನ್ನು ಮುರಿದ ಹಲ್ಲು ತಂದುಕೊಟ್ಟಿತು. ನನಗೆ ಹೆಣ್ಣು ಕೊಡಲು ಬಂದವರು ಕೂಡ ಮೊದಲು ಕೇಳಿದ್ದು ಅದನ್ನೇ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಪೊರ್ಬುಗಳು ತೀರಿಹೋಗಿದ್ದರು. ಬಾಯಮ್ಮನ ಕಣ್ಣಿಗೆ ವಯಸ್ಸಿನ ಮಬ್ಬು ಮತ್ತೆ ಕವಿದಿತ್ತು. ಆದರೂ ಕ್ರಿಸ್ಮಸ್ಸಿನ ಮಧ್ಯಾಹ್ನ ಹಲಗೆ ಹೊರಗೆ ಬರುತ್ತಿತ್ತು, ನನಗೆ ಕರೆ ಬರುತ್ತಿತ್ತು. ಆ ವರ್ಷ ಊರು ಮುಗಿಯಿತು, ಮೂಲೆಯ ಒಂದು ತುಂಡಿನ ಜಾಗ ಮಾತ್ರ ಉಳಿಯಿತು. ಬಾಯಮ್ಮ ಕಿಸೆಯಿಂದ ಅದನ್ನು ತೆಗೆದು, ಎಂದಿನಂತೆ ಗುರುತಿನ ಮೇಲೆ ಬೆರಳಿಟ್ಟುಕೊಂಡು ಕೂತರು.

"ಬೇರೆ ತುಂಡು ಯಾವುದೂ ನನ್ನ ಬೆರಳಿಗೆ ಗೊತ್ತಾಗುವುದಿಲ್ಲ. ಇದೊಂದು ಗೊತ್ತಾಗ್ತದೆ" ಎಂದರು. ಆಮೇಲೆ ಕೇಳಿದರು, "ಆ ದಿನ ಇವರು ಬೈಹುಲ್ಲಿಗೆ ಹೋದಾಗ ನೀನು ಬರ್ಲೇ ಇಲ್ಲ ಅಲ್ವಾ ಮಗಾ?"

"ಯಾವ ದಿನ ಬಾಯಮ್ಮ?"

"ನಮ್ಮ ಗೇಟು ಕಿರುಚಲಿಲ್ಲ. ನನ್ನ ಕಣ್ಣು ಹೋಗಿತ್ತು, ಕಿವಿ ಹೋಗಿರ್ಲಿಲ್ಲ."

ಇಷ್ಟು ವರ್ಷ ನನ್ನನ್ನು ಕಳ್ಳನೆಂದು ಬೀದಿಯೆಲ್ಲ ನಗುವಾಗ ಬಾಯಮ್ಮ ಒಮ್ಮೆಯೂ ನಗದಿದ್ದುದು ಏಕೆಂದು ಆಗ ಅರ್ಥವಾಯಿತು.

ಅವರು ತುಂಡನ್ನು ನನ್ನ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದರು. "ಈ ಸಲ ನೀನು ಇಡು."

"ಬೇಡ ಬಾಯಮ್ಮ, ಕಡೆಯ ತುಂಡು ನಿಮ್ಮದು."

"ನಾನು ಇಟ್ಟು ಆಯ್ತು. ಬರೆದವನೂ ಒಮ್ಮೆ ಇಡ್ಲಿ."

ಕಣ್ಣು ಮಂಜಾಗಿತ್ತು. ನಾನು ಹೇಗೋ ತುಂಡನ್ನು ಮೂಲೆಯಲ್ಲಿ ಕೂರಿಸಿದೆ. ಬಾಯಮ್ಮ ಅದರ ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿ ನೋಡಿ, "ತಲೆ ಕೆಳಗೆ ಇಟ್ಟಿದ್ದೀ ಮಾರಾಯ" ಎಂದು, ಎತ್ತಿ ತಿರುಗಿಸಿ, ನನ್ನ ಹೆಸರನ್ನು ಸರಿಯಾಗಿ ಇಟ್ಟರು.